ಹಳೇ ಸೆಟ್ಟಿನ ಮೇಲೆ ಹೊರಿಸಿದ ತಪ್ಪು

ಒಂದು ವಸ್ತುವು ನಾವು ನೆನಸಿದಂತೆ ನಡೆಯದಿದ್ದರೆ ಅದನ್ನು ಬಿಟ್ಟು ಬೇರೊಂದನ್ನು ಕೊಳ್ಳುವದರಲ್ಲಿ ತಪ್ಪುಂಟೋ? ಸೋರುವ ಕೊಡವನ್ನು ಬದಲಿಸುವವಳನ್ನು ಯಾರೂ ದೂಷಿಸರು. ಆದರೆ ಕೊಡವು ಸೋರುತ್ತದೆಂದು ಹೇಳುವ ನಾಲಿಗೆಯು ಯಾವಾಗಲೂ ನಿಜವನ್ನೇ ಹೇಳುತ್ತದೋ ಎಂಬದು ಬೇರೆ ಮಾತು. ಈ ವಿಷಯದಲ್ಲಿ ನನ್ನಿಂದಾದದ್ದನ್ನೇ ಬರೆಯುತ್ತೇನೆ.

2009ನೇ ಇಸವಿಯಲ್ಲಿ ನಾನು ಗದಗಿನಲ್ಲಿ ಒಂದು ಮೊಬೈಲ್ ಸೆಟ್ಟನ್ನು ಕೊಂಡೆನು. ಕಂಪೆನಿಯ ಹೆಸರು ಇಲ್ಲಿ ಬೇಡ. ಬಿಸಿಲಿನಲ್ಲಿ ಅದರ ಅಕ್ಷರಗಳು ಕಾಣಿಸುತ್ತಿದ್ದಿಲ್ಲ. ಮಾತಿನ ನಡುವೆ ಒಮ್ಮೊಮ್ಮೆ ನನ್ನ ಧ್ವನಿಯು ಆಚೆಯವರಿಗೆ ಕೇಳದೆ ಹೋಗುತ್ತಿತ್ತು. ಆದರೂ ಎಂಟು ತಿಂಗಳು ಅದರೊಂದಿಗೆ ಸಮಾಧಾನದಿಂದಲೇ ಇದ್ದೆನು. ಆ ಮೇಲೆ ನನ್ನ ಮಿತ್ರನೊಬ್ಬನು ಹಾಡು ಕೇಳಿಸುವ ಸೆಟ್ಟನ್ನು ತಂದನು. ಸೋನಿ ಎರಿಕ್‌ಸನ್ ಕಂಪೆನಿಯವರು 1979ರಿಂದ ಪ್ರಸಿದ್ಧವಾಗಿದ್ದ ವಾಕ್‌ಮನ್ ಎಂಬ ಹೆಸರನ್ನು 2005ರಲ್ಲಿ ಮೊಬೈಲಿಗೂ ಇಟ್ಟಿದ್ದರು. 2007ರಲ್ಲಿ ನೋಕಿಯಾದವರ 5310 ಎಕ್ಸ್‌ಪ್ರೆಸ್ ಮ್ಯೂಸಿಕ್ ಬಂತು. ಬಳಿಕ ಅಂಥವು ನಮ್ಮ ಹಳ್ಳಿಗಳನ್ನೂ ಮುಟ್ಟಿದವು. ಉಗುರಿನಷ್ಟು ಮೆಮೊರಿ ಕಾರ್ಡು. 1 ಜಿಬಿಯದ್ದಾದರೆ ಅದರಲ್ಲಿ ಇನ್ನೂರು ಹಾಡುಗಳು! ದೊಡ್ಡ ಧ್ವನಿಯ ಮರೆಯಲ್ಲಿ ಕಿವಿಗೆ ಹೇಗೂ ಕೇಳದ ಸಣ್ಣ ಧ್ವನಿಗಳನ್ನು ಬಿಟ್ಟು, ಉಳಿದದ್ದನ್ನು ಸುಮಾರು ಹತ್ತನೇ ಒಂದು ಪಾಲು ಸ್ಥಳದಲ್ಲಿ ಅಡಗಿಸುವ ಎಂಪಿ3 ಎಂಬ ಉಪಾಯದಿಂದ ಇದಾಗುತ್ತದೆ.

ಆ ಸಾಯಂಕಾಲದಿಂದ ನನ್ನ ಸೆಟ್ಟಿನ ತಪ್ಪುಗಳು ಹೆಚ್ಚುತ್ತಾ ಬಂದವು. ಎರಡಿದ್ದವು ಆರಾದವು. ಅದರ ಬಣ್ಣವೂ ನನಗೆ ಸೇರದೆ ಹೋಯಿತು. ಟೆಲಿಫೋನಿನ ಮಾತಿಗೆ ಸೆಕೆಂಡಿಗೆ 300ರಿಂದ 3400 ಕಂಪನಗಳ ಧ್ವನಿಯು ಸಾಕೆಂದು ಹಿಂದಿನವರು ಗೊತ್ತುಮಾಡಿದ್ದರು. ಹಾಡಿಗೆ ಅದು ಏನೂ ಸಾಲದು. ಮಾತಿಗಾಗಿ ಮಾಡಿದ್ದನ್ನು ಹಾಡಲಿಲ್ಲವೆಂದು ಹಳಿಯುತ್ತಿದ್ದೆನು. ಹೊಸದು ಹಾಡದೆ ಇದ್ದರೂ ಹಳೇದನ್ನು ಬದಲಿಸುತ್ತಿದ್ದೆನೋ ಎಂದು ನನ್ನನ್ನೇ ಕೇಳಿಕೊಂಡಿದ್ದರೆ, ಇಲ್ಲವೆಂಬ ಉತ್ತರವೇ ಬರುತ್ತಿತ್ತು. ಆದದರಿಂದಲೇ ಕೇಳಿಕೊಳ್ಳಲಿಲ್ಲ.

ಹಾಡಿನ ಆಶೆಯು ತಪ್ಪೆಂದು ನಾನು ಹೇಳುವದಿಲ್ಲ. ದಿನವೆಲ್ಲಾ ಹೊಲದಲ್ಲಿ ದುಡಿದವನು ರಾತ್ರಿ ಎರಡು ಹಾಡು ಕೇಳಿದರೆ ಯಾರ ಗಂಟು ಹೋಯಿತು? (ಇದನ್ನು ಆಕ್ಷೇಪಿಸುವ ಹಿರಿಯರು ತಾವು ರೇಡಿಯೋದ ಮುಂದೆ ಕೂತದ್ದನ್ನು ಮರೆತಿದ್ದಾರೆ.) ಹಾಡು ಬೇಕೆಂದು ನೆಟ್ಟಗೆ ಹೇಳಿದ್ದರೆ ತೀರುತ್ತಿತ್ತು. ನಾನಾದರೋ ಆಶೆಗೆ ಅವಶ್ಯಕತೆಯ ಅಂಗಿಯನ್ನು ತೊಡಿಸಿ, ಈ ಸೆಟ್ಟು ಯಾವ ಕೆಲಸಕ್ಕೂ ಬಾರದೆಂದು ಮನೆಯವರಿಗೆ ಹೇಳಿ ಹಣವನ್ನು ಪಡೆದೆನು. ಬಳಿಕ ಅದೇ ಬಾಯಿಂದ, ಇದು ಒಳ್ಳೇ ಸೆಟ್ಟೆಂದು ಹೇಳಿ ನಮ್ಮ ಓಣಿಯ ಒಬ್ಬ ವಿಧವೆಗೆ 600 ರೂಪಾಯಿಗೆ ಮಾರಿದೆನು. ಆಕೆಯ ಮಗನು ಗೋವೆಯಲ್ಲಿ ಕೂಲಿಗಿದ್ದನು.

ಒಂದು ತಿಂಗಳಾದ ಮೇಲೆ ಆಕೆ ಬಂದು, “ತಮ್ಮಾ, ನನಗ ಇದು ತಿಳೀವಲ್ದು. ಯಾವ ಗುಂಡಿ ತಪ್ಪಿ ಒತ್ತತೀನೋ ಏನೋ, ಮಗ ಹಲೋ ಹಲೋ ಅಂದು ಇಟ್ಟುಬಿಡತಾನ. ಈಗ ಹದಿನೈದು ದಿನ ಆತು, ಫೋನೇ ಇಲ್ಲ” ಅಂದಳು. ತಪ್ಪು ತನ್ನ ಬೆರಳಿನದೆಂದೇ ಆಕೆ ನಂಬಿದ್ದಳು.

ನೋಡಿಯೇ ಕೊಂಡಳಲ್ಲಾ ಎಂದು ನನ್ನ ಮನಸ್ಸು ನ್ಯಾಯ ಹೇಳಿತು. ಸಂತೆಯಲ್ಲಿ ಎತ್ತನ್ನು ಕೊಳ್ಳುವವನು ಅದನ್ನು ನಡಿಸಿ ನೋಡುತ್ತಾನೆ, ಹಲ್ಲು ಎಣಿಸುತ್ತಾನೆ. ಕುಂಟು ಕಣ್ಣಿಗೆ ಬೀಳುತ್ತದೆ. ಈ ಸೆಟ್ಟಿನ ಕುಂಟಾದರೋ ಹಿಡಿದವರಿಗೆ ತಿಳಿಯದು, ಆಚೆಯಲ್ಲಿ ಕೇಳುವವನಿಗೇ ತಿಳಿಯುವದು. ಮಾರುವಾಗ ಅದನ್ನು ಬಲ್ಲವನು ನಾನೊಬ್ಬನೇ. ಕೊಳ್ಳುವವರು ಎಷ್ಟು ನೋಡಿದರೂ ಕಾಣಲಾರದ್ದನ್ನು ಮಾರುವವನು ಬಾಯಿಬಿಟ್ಟು ಹೇಳದಿದ್ದರೆ, ಸುಮ್ಮನಿದ್ದದ್ದೂ ಸುಳ್ಳೇ ಆಗುತ್ತದೆ.

“ಅವ್ವಾ, ತಪ್ಪು ನಿನ್ನ ಕೈಯದಲ್ಲ, ಸೆಟ್ಟಿನದು, ನನಗೆ ಮೊದಲೇ ಗೊತ್ತಿತ್ತು” ಅಂದೆನು. ಆಕೆ ಏನೂ ಅನ್ನದೆ ಕೂತಳು. ಹಣವು ಹೊಸ ಸೆಟ್ಟಿಗೆ ಹೋಗಿತ್ತು. ಎರಡು ಕಂತಿನಲ್ಲಿ ಹಿಂದಕ್ಕೆ ಕೊಟ್ಟೆನು. ಮಗನ ಹದಿನೈದು ದಿನದ ಮುನಿಸಿಗೆ ಯಾವ ಕಂತು ಕಟ್ಟುವದು? ಆ ರಾತ್ರಿಯೇ ಹಾಡುವ ಸೆಟ್ಟಿನಿಂದ ಅವನಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆನು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ, “ಅವ್ವನ ಕೈಯಾಗ ಕೊಡ್ರಿ” ಅಂದನು.