ಟೊಂಕದ ಋಣ

ಕೆಲಸಕ್ಕೆ ಸಿದ್ಧನಾದವನನ್ನು ನಾವು ‘ಟೊಂಕ ಕಟ್ಟಿ ನಿಂತವನು’ ಎನ್ನುತ್ತೇವೆ. ನನ್ನಂಥ ಮಾಸ್ತರರು ಭಾಷಣಗಳಲ್ಲಿ ಈ ಮಾತನ್ನು ಧಾರಾಳವಾಗಿ ಬಳಸುವುದುಂಟು. ಆದರೆ ನಿಜವಾಗಿ ಟೊಂಕ ಕಟ್ಟಿದವನ ಟೊಂಕ ಏನಾಯಿತೆಂಬುದನ್ನು ವಿಚಾರಿಸುವವರು ವಿರಳ.

ಹೋದ ಸುಗ್ಗಿಯಲ್ಲಿ ವಿಜಯಪುರದ ಪೇಟೆಯಿಂದ ಒಂದು ಚೀಲ ಜೋಳ ತರಿಸಿದೆ. ಹೊತ್ತು ತಂದವನು ಬಬಲೇಶ್ವರದ ಕಡೆಯ ಹಮಾಲ, ಹೆಚ್ಚುಕಡಿಮೆ ನನ್ನದೇ ವಯಸ್ಸಿನವನು. ಮಹಡಿಗೆ ಏರಿಸಲು ಇಪ್ಪತ್ತು ರೂಪಾಯಿ ಹೆಚ್ಚು ಕೇಳಿದ. ನಾನು ಚೌಕಾಶಿ ಮಾಡಿ ಹತ್ತಕ್ಕೆ ಇಳಿಸಿದೆ. ಚೀಲ ಇಳುಹಿದವನು ಕೂಡಲೇ ನೆಟ್ಟಗಾಗಲಿಲ್ಲ. ಗೋಡೆಗೆ ಕೈಯೂರಿ ನಿಂತ.

“ಯಾಕಪಾ, ಏನಾತು?”

“ಟೊಂಕ ಹಿಡದೈತ್ರಿ ಸರ. ಎಂಟ ದಿನಾ ಆತು.”

“ನಾಕ ದಿನಾ ಹಗುರ ಕೆಲಸ ನೋಡಬಾರದ?”

“ಹಮಾಲಗ ಹಗುರ ಕೆಲಸ ಎಲ್ಲೀದ್ರಿ? ಚೀಲ ಎಣಿಸಿ ಕೂಲಿ. ಹೊರಲಿಲ್ಲಂದ್ರ ಇಲ್ಲ.”

ಬೆನ್ನಿನ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಭಾರ ಮೈಯಿಂದ ದೂರವಾದಷ್ಟೂ ಅವುಗಳ ಮೇಲಿನ ಒತ್ತಡ ಸನ್ನೆಗೋಲಿನ ನಿಯಮದಂತೆ ಏರುತ್ತದೆ. ಹೊತ್ತುಕೊಂಡೇ ನಡು ತಿರುವಿದರೆ ಇನ್ನೂ ಕೇಡು. ಬರಿಯ ಉಳುಕಾದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮಾಯುತ್ತದೆ. ಹಾಸಿಗೆ ಹಿಡಿಯದೆ, ಭಾರ ಎತ್ತದೆ, ನಡೆದಾಡಿಕೊಂಡಿರಬೇಕೆಂಬುದು ಇಂದಿನ ವೈದ್ಯರ ಮಾತು. ಔಷಧ ಇಷ್ಟು ಸುಲಭ. ಆದರೆ ಹಮಾಲನಿಗೆ ದೊರೆಯದಿರುವುದು ಇದೊಂದೇ.

‘ಅವನೇ ಒಪ್ಪಿ ಹೊತ್ತನಲ್ಲ, ನಮ್ಮ ತಪ್ಪೇನು?’ ಎಂದು ಕೇಳಬಹುದು. ನಾನೂ ಹಾಗೆಯೇ ಸಮಾಧಾನ ಮಾಡಿಕೊಂಡೆ. ಆದರೆ ಒಪ್ಪಿಗೆಗೆ ಬೆಲೆ ಬರುವುದು ಒಲ್ಲೆನೆನ್ನುವ ಅನುಕೂಲ ಇದ್ದಾಗ. ಇಂದು ಒಲ್ಲೆನೆಂದರೆ ಸಂಜೆ ಒಲೆ ಹೊತ್ತದವನ ಒಪ್ಪಿಗೆ ಎಂಥ ಒಪ್ಪಿಗೆ?

ಕಾನೂನು ಈ ಮಾತನ್ನು ಅರಿಯದೆ ಇಲ್ಲ. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಗಂಡಾಳಿನ ಹೊರೆ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತು. ನೆರೆಯ ಮಹಾರಾಷ್ಟ್ರ 1969ರಲ್ಲಿ ಹಮಾಲರಿಗಾಗಿಯೇ ಕಾಯ್ದೆ ತಂದಿತು. ಆದರೆ 50 ಕಿಲೋದ ಚೀಲವನ್ನೂ ದಿನಕ್ಕೆ ನೂರು ಸಲ ಎತ್ತಿದರೆ ಐದು ಸಾವಿರ ಕಿಲೋ ಆಗುತ್ತದೆ. ಕಾಯ್ದೆ ಚೀಲವನ್ನು ತೂಗಬಲ್ಲದು. ದಿನವನ್ನು ತೂಗುವವರು ಯಾರು?

ನಮ್ಮೂರಿನ ಮಲಿಕ್-ಎ-ಮೈದಾನ್ ತೋಪು ಸುಮಾರು 55 ಟನ್ನಿನದು. ಹದಿನೇಳನೆಯ ಶತಮಾನದಲ್ಲಿ ಅದನ್ನು ಇಲ್ಲಿಗೆ ಎಳೆದು ತಂದುದು ಹತ್ತು ಆನೆ, ನಾನೂರು ಎತ್ತು ಮತ್ತು ‘ನೂರಾರು ಜನ’ ಎಂದು ಹೇಳುತ್ತಾರೆ. ಆನೆಗೆ ಲೆಕ್ಕವಿದೆ, ಎತ್ತಿಗೆ ಲೆಕ್ಕವಿದೆ. ಮನುಷ್ಯರು ಮಾತ್ರ ನೂರಾರು. ಇದು ಹಳೆಯ ಕಾಲದ ಮಾತೆಂದು ಬಿಡುವಂತಿಲ್ಲ. 2023ರ ಡಿಸೆಂಬರದಲ್ಲಿ ಇದೇ ವಿಜಯಪುರದ ಗೋದಾಮೊಂದರಲ್ಲಿ ಮೆಕ್ಕೆಜೋಳದ ಚೀಲಗಳ ರಾಶಿಯಡಿ ಸಿಕ್ಕು ಬಿಹಾರದ ಏಳು ಮಂದಿ ಕೂಲಿಕಾರರು ತೀರಿಕೊಂಡರು. ಅವರಲ್ಲಿ ಒಬ್ಬನ ಹೆಸರಾದರೂ ನಮ್ಮ ನೆನಪಿನಲ್ಲಿದೆಯೇ? ನನ್ನ ನೆನಪಿನಲ್ಲಿಲ್ಲ.

ತಿಕೋಟಾದ ಒಣದ್ರಾಕ್ಷಿ ಪಾಯಸಕ್ಕೆ ಬೀಳುವ ಮುನ್ನ, ಜೋಳ ರೊಟ್ಟಿಯಾಗುವ ಮುನ್ನ, ಎಷ್ಟೋ ಟೊಂಕಗಳನ್ನು ದಾಟಿ ಬಂದಿರುತ್ತದೆ. ಭಾರ ಹೊರುವುದೇ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಭಾರವಿಲ್ಲದೆ ಸಂಸಾರ ನಡೆಯದು. ಚೀಲ ಚಿಕ್ಕದಾಗಲಿ, ತಳ್ಳುಗಾಡಿ ಬರಲಿ, ನೊಂದವನಿಗೆ ಎರಡು ವಾರದ ಕೂಲಿ ಸಿಗಲಿ. ಇದರಿಂದ ಜೋಳದ ಬೆಲೆ ಒಂದಿಷ್ಟು ಏರಿದರೆ ಆ ಏರಿಕೆ ಹೊಸ ಖರ್ಚಲ್ಲ. ಇಷ್ಟು ದಿನ ನಮ್ಮ ಪರವಾಗಿ ಇನ್ನೊಬ್ಬನ ಬೆನ್ನು ತೆತ್ತ ಹಳೆಯ ಬಾಕಿ.

ಬಸವಣ್ಣ ಹುಟ್ಟಿದ ಜಿಲ್ಲೆ ನಮ್ಮದು. ಆತನ ಕಾಲದ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದಳಂತೆ ಹೆಂಡತಿ ಲಕ್ಕಮ್ಮ. ಆ ದಿನ ಚೌಕಾಶಿಯಲ್ಲಿ ನಾನು ಉಳಿಸಿದ ಹತ್ತು ರೂಪಾಯಿಯೂ ಅಂಥ ಹೆಚ್ಚಿನ ಅಕ್ಕಿಯೇ. ಮರುವಾರ ಅದನ್ನು ಕೊಡಲೆಂದು ಪೇಟೆಗೆ ಹೋದೆ. ಅವನು ಕಾಣಲಿಲ್ಲ. ಉಳಿದವರನ್ನು ಕೇಳೋಣವೆಂದರೆ, ಅವನ ಹೆಸರನ್ನೇ ನಾನು ಕೇಳಿಕೊಂಡಿರಲಿಲ್ಲ.