ಚಿತ್ರದೊಳಗಿನ ಕೊಳ



ನಮ್ಮ ಮಠದ ಕಚೇರಿಯಲ್ಲಿ ಹಳೆಯ ಕ್ಯಾಲೆಂಡರಿನ ಚಿತ್ರವೊಂದಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದೇವೆ. ಕೊಳದ ತುಂಬ ನೈದಿಲೆ, ಮೇಲೆ ಕಮಾನಿನಂತೆ ಬಾಗಿದ ಮರದ ಸೇತುವೆ, ಸುತ್ತಲೂ ಹಸಿರು. ಮನುಷ್ಯರ ಸುಳಿವಿಲ್ಲ. ಕಳೆದ ಅಮಾವಾಸ್ಯೆಗೆ ಬಂದಿದ್ದ ಅಕ್ಕಲಕೋಟ ಕಡೆಯ ಅಡತ ವ್ಯಾಪಾರಿಯೊಬ್ಬರು ಪಾವತಿ ಬರೆಸುವುದನ್ನೂ ಮರೆತು ಅದನ್ನೇ ನೋಡುತ್ತ ನಿಂತರು. ವಸೂಲಿ ನಿಂತು, ಅಂಗಡಿಯನ್ನು ತಮ್ಮನಿಗೆ ಬಿಟ್ಟು ಎಲ್ಲಿಯಾದರೂ ಹೋಗಿಬಿಡುವ ಮಾತಾಡುತ್ತಿದ್ದವರು ಅವರು. "ಇಂಥಾ ಜಾಗಾದಾಗ ಕುಂತ್ರ ಸಾಕ್ರಿ. ಯಾರ ತಂಟೇನೂ ಇಲ್ಲ" ಎಂದರು.

ತಂಟೆ ಅಲ್ಲಿಯೂ ಇತ್ತು. ಚಿತ್ರ ಬರೆದವರು ಫ್ರಾನ್ಸಿನ ಕ್ಲೋದ್ ಮೊನೆ. 1893ರಲ್ಲಿ ಜಿವರ್ನಿ ಎಂಬ ಹಳ್ಳಿಯಲ್ಲಿ ಜಾಗ ಕೊಂಡು, ಹಳ್ಳದ ನೀರು ತಿರುಗಿಸಿ ಕೊಳ ಮಾಡಲು ಹೊರಟಾಗ ಊರವರು ತಕರಾರು ತೆಗೆದರು. ಪರದೇಶದ ಗಿಡಗಳಿಂದ ನೀರು ಕೆಟ್ಟೀತೆಂಬ ಭಯ ಅವರಿಗೆ. ನೀರಿನ ಪಾಳಿಗಾಗಿ ಬಾಂದಿನ ಮೇಲೆ ನಿಂತು ಜಗಳಾಡಿದ ನಮ್ಮ ರೈತ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪರವಾನಿಗೆ ಪಡೆದ ಮೇಲೆಯೇ ಕೊಳವಾಯಿತು. ಆಮೇಲೂ ಅದು ತಾನಾಗಿ ಶುಭ್ರವಾಗಿ ಉಳಿಯಲಿಲ್ಲ. ಒಬ್ಬ ಆಳು ದೋಣಿಯಲ್ಲಿ ಕುಳಿತು ನೈದಿಲೆಯ ಎಲೆಗಳ ಮೇಲಿನ ಧೂಳು ತೊಳೆಯುತ್ತಿದ್ದ.

ಮೊನೆಯವರ ಪತ್ನಿ 1911ರಲ್ಲಿ, ಹಿರಿಯ ಮಗ 1914ರಲ್ಲಿ ತೀರಿಕೊಂಡರು. ಅದೇ ವರ್ಷ ಮಹಾಯುದ್ಧ ಬಂತು. ತೋಪಿನ ಸದ್ದು ತೋಟಕ್ಕೆ ಕೇಳುತ್ತಿತ್ತು. ಕಣ್ಣಿಗೆ ಪೊರೆ. ಆದರೂ ಕೊಳದ ದಂಡೆ ಬಿಡಲಿಲ್ಲ. 1918ರ ನವೆಂಬರ್ 11ರಂದು ಯುದ್ಧ ನಿಂತಿತು. ಮರುದಿನವೇ ಪ್ರಧಾನಿ ಕ್ಲೆಮಾನ್ಸೊ ಅವರಿಗೆ ಪತ್ರ ಬರೆದು ಚಿತ್ರಗಳನ್ನು ದೇಶಕ್ಕೆ ಕೊಡುವುದಾಗಿ ತಿಳಿಸಿದರು. 82ನೆಯ ವಯಸ್ಸಿನಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೂ ಬರೆದರು. 1926ರಲ್ಲಿ ಅವರು ತೀರಿಕೊಂಡ ಮರುವರ್ಷ ಪ್ಯಾರಿಸ್ಸಿನ ಒರಾಂಜರಿಯಲ್ಲಿ, ಮೊಟ್ಟೆಯಾಕಾರದ ಎರಡು ಕೋಣೆಗಳಲ್ಲಿ, ಆ ಕೊಳದ ಎಂಟು ದೊಡ್ಡ ಚಿತ್ರಗಳನ್ನು ಸಾರ್ವಜನಿಕರಿಗೆ ತೆರೆದರು. ಇಂದಿಗೂ ಜನ ನಡುವೆ ಸುಮ್ಮನೆ ಕುಳಿತು ನೋಡುತ್ತಾರೆ.

ನಾವು ಲೆಕ್ಕ ಕಲಿತವರು. ಚಿತ್ರದಲ್ಲಿ ಜಮಾ ಕಾಣುತ್ತದೆ, ಖರ್ಚಿನ ಪುಟ ಕಾಣುವುದಿಲ್ಲ. ಅಂಗೈಯ ಲಿಂಗದಲ್ಲಿ ದೃಷ್ಟಿ ನಿಲ್ಲಿಸಿದರೆ ಐದು ನಿಮಿಷಕ್ಕೆ ನಮ್ಮ ಮನಸ್ಸು ಪೇಟೆ ಸುತ್ತಿ ಬರುತ್ತದೆ. ಆ ಮನುಷ್ಯ ಒಂದೇ ಕೊಳವನ್ನು ಸುಮಾರು ಮೂವತ್ತು ವರ್ಷ ನೋಡಿದರು. ಅದನ್ನು ಕಾಯಕವೆನ್ನದೆ ಮತ್ತೇನೆನ್ನೋಣ?

ವ್ಯಾಪಾರಿಗಳು ಎಲ್ಲ ಕೇಳಿ, ಪಾವತಿ ಬರೆಸಿ ಎದ್ದರು. ಅಂಗಡಿ ಬಿಡುವ ಮಾತು ಎತ್ತಲಿಲ್ಲ. ಬಾಗಿಲಲ್ಲಿ ತಿರುಗಿ, "ಆ ಧೂಳ ತೊಳ್ಯಾಂವ ದಿನಾ ಬರ್ತಿದ್ನೇನ್ರಿ?" ಎಂದು ಕೇಳಿದರು.

ದಿನಾಲೂ, ಎಂದೆವು.