ಮನ್ನದ ಅಳತೆ

(ವಿಮೋಚನಕಾಂಡ ೧೬ನೆಯ ಅಧ್ಯಾಯ)



ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನವು ದೊರಕಿದಾಗ ದೇವರು ಅದಕ್ಕೆ ಒಂದು ಅಳತೆಯನ್ನು ನೇಮಿಸಿದನು: ತಲೆಗೆ ಒಂದು ಓಮೆರ್, ಆಯಾ ದಿನಕ್ಕೆ ಆಯಾ ದಿನದ್ದು. ಆ ಮಾತನ್ನು ಮೀರಿ ಮರುದಿನಕ್ಕೆ ಇಟ್ಟುಕೊಂಡವರ ಮನ್ನವು ಹುಳಬಿದ್ದು ನಾರಿತು. ಈ ಪಾಠವು ೨೦೨೦ನೆಯ ಇಸವಿಯಲ್ಲಿ ನಮ್ಮ ದೇಶದ ಅಂಗಡಿಬೀದಿಗಳಲ್ಲಿ ಮತ್ತೊಮ್ಮೆ ಕಾಣಬಂದಿತು.

ಆ ವರುಷದ ಮಾರ್ಚ್ ೨೪ನೆಯ ತಾರೀಖಿನ ರಾತ್ರಿ, ಕೊರೋನಾ ವ್ಯಾಧಿಯ ನಿಮಿತ್ತ ದೇಶದವರೆಲ್ಲರೂ ೨೧ ದಿವಸ ಮನೆಯಲ್ಲೇ ಇರತಕ್ಕದ್ದೆಂದು ಅಪ್ಪಣೆಯಾಯಿತು. ಆಹಾರದ ಅಂಗಡಿಗಳು ತೆರೆದಿರುವವೆಂದು ಸರಕಾರದವರು ತಿಳಿಸಿದರೂ ಹಣವುಳ್ಳವರು ಭಯದಿಂದ ಓಡಿ, ಅಕ್ಕಿ, ಬೇಳೆ, ಎಣ್ಣೆಗಳನ್ನು ಬೇಕಾದದ್ದಕ್ಕಿಂತ ಹೆಚ್ಚಾಗಿ ಹೊತ್ತು ತಂದರು. ಇದರ ಭಾರವು ಯಾರ ಮೇಲೆ ಬಿತ್ತು? ಕೂಲಿಯವನ ಮೇಲೆ. ಅವನು ಸಾಯಂಕಾಲ ಕೂಲಿ ಪಡೆದು ಅಂದಂದಿನ ಅಕ್ಕಿಯನ್ನು ಕೊಳ್ಳುವವನು. ತಿಂಗಳಿಗೆ ಕೂಡಿಡುವ ಶಕ್ತಿ ಅವನಿಗೆಲ್ಲಿ? ಇತ್ತ ಕೂಲಿ ನಿಂತಿತು, ಅತ್ತ ಅನೇಕ ಅಂಗಡಿಗಳು ಬರಿದಾದವು. ಅದೇ ವೇಳೆಯಲ್ಲಿ ನಮ್ಮ ಹಳ್ಳಿಗಳ ಹೊಲಗಳಲ್ಲಿ ದ್ರಾಕ್ಷಿ, ಕಲ್ಲಂಗಡಿ, ಟೊಮೇಟೊಗಳು ಸಾಗಿಸುವವರಿಲ್ಲದೆ ಕೊಳೆತವು. ಏಪ್ರಿಲ್ ತಿಂಗಳಿನಿಂದ ಸರಕಾರದವರು ಪಡಿತರ ಚೀಟಿಯುಳ್ಳ ಬಡವರಿಗೆ ತಿಂಗಳಿಗೆ ತಲೆಗೆ ೫ ಕಿಲೊ ಧಾನ್ಯವನ್ನು ಕ್ರಯವಿಲ್ಲದೆ ಕೊಟ್ಟರು. ತಲೆಗಿಷ್ಟು ಎಂಬ ಆ ಅಳತೆಯು ಓಮೆರನ್ನು ನೆನಪಿಗೆ ತರುತ್ತದೆ.

ಹಾಗಾದರೆ ಕೂಡಿಡುವದೆಲ್ಲಾ ಪಾಪವೋ? ಹಾಗೆ ಹೇಳಕೂಡದು. ಸಬ್ಬತ್ತಿನ ಮುಂಚಿನ ದಿನದಲ್ಲಿ ಎರಡರಷ್ಟು ಕೂಡಿಸುವದಕ್ಕೆ ದೇವರೇ ಅಪ್ಪಣೆಕೊಟ್ಟನು. ಆ ಮನ್ನವು ಕೆಡಲಿಲ್ಲ. ರೋಗದ ನಿಮಿತ್ತ ೧೪ ದಿವಸ ಪ್ರತ್ಯೇಕವಾಗಿರಬೇಕಾದ ಮನೆಯವರು ಅಷ್ಟು ದಿನಕ್ಕೆ ಬೇಕಾದದ್ದನ್ನು ಇಟ್ಟುಕೊಂಡದ್ದು ವಿವೇಕವೇ.

ಭಯವು ಅಡಿಗೆಮನೆಯನ್ನೂ ಹೊಕ್ಕಿತು. ಕೆಲವರು ಕಾಯಿಪಲ್ಯವನ್ನು ಸಾಬೂನಿನಿಂದ ತೊಳೆದರು. ಆ ರೋಗವು ಆಹಾರದ ಮೂಲಕ ಹರಡುವದೆಂಬದಕ್ಕೆ ಆಧಾರವಿಲ್ಲವೆಂದೂ, ಸಾಬೂನು ಕೈಗಳಿಗೇ ಹೊರತು ತಿನ್ನುವ ಪದಾರ್ಥಕ್ಕಲ್ಲವೆಂದೂ, ಕಾಯಿಪಲ್ಯಕ್ಕೆ ಶುದ್ಧ ನೀರೇ ಸಾಕೆಂದೂ ತಿಳಿದವರು ಬೋಧಿಸಿದರು. ಶುಚಿತ್ವವು ಒಳ್ಳೇದು. ಆದರೆ ರೋಗಕ್ಕೆ ಅಂಜಿ ದೂರ ನಿಲ್ಲುವವರು, ತರಕಾರಿ ಮಾರುವ ಬಡವಳನ್ನೇ ಹೇಸಿ ಅಟ್ಟುವದು ಕ್ರಿಸ್ತನ ಮಕ್ಕಳಿಗೆ ತಕ್ಕದ್ದಲ್ಲ. ಮನುಷ್ಯರು ಮನುಷ್ಯರನ್ನು ದೂರವಿಡುವ ನೋವು ಎಂಥದ್ದೆಂದು ನಮ್ಮ ಸಭೆಗಳಲ್ಲಿ ಅನೇಕರು ಬಲ್ಲರು.

ಆದದರಿಂದ ಅಂಥ ದಿನಗಳು ಮತ್ತೆ ಬಂದರೆ, ಚೀಲ ಹಿಡಿದು ಹೊರಡುವ ಮುಂಚೆ ಮನೆಯ ತಲೆಗಳನ್ನು ಎಣಿಸೋಣ. ಗಡಿಗೆಗೆ ಅಕ್ಕಿ ಹಾಕುವಾಗ ಒಂದು ಹಿಡಿ ಹೆಚ್ಚಾಗಿ ಹಾಕಿ, ಒಲೆ ಹೊತ್ತದ ನೆರೆಮನೆಗೆ ಕಳುಹಿಸೋಣ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಆಹಾರವನ್ನು ಒಬ್ಬೊಬ್ಬರಿಗಾಗಿ ಬೇಡದೆ ನಮ್ಮೆಲ್ಲರಿಗಾಗಿ ಬೇಡುತ್ತೇವಲ್ಲವೇ? ಆ ಕೂಲಿಯವನೂ ನಮ್ಮೊಳಗೆ ಒಬ್ಬನು. ಆಮೆನ್.